ವಿಂಡೋಸ್ ಸರ್ವರ್‌ನ ಡಿಫೆಂಡರ್: ಯಾವ ಡ್ರೈವ್ ಕಾವಲಿನೊಳಗೆ, ಯಾವ ಫೈಲ್ ಹೊರಗೆ

ತುಮಕೂರಿನ ಬಿ.ಎಚ್. ರಸ್ತೆಯ ಲೆಕ್ಕಪರಿಶೋಧಕರ ಕಚೇರಿಗಳಲ್ಲಾಗಲಿ, ಎಪಿಎಂಸಿ ಯಾರ್ಡಿನ ಅಡಿಕೆ ಮಂಡಿಗಳಲ್ಲಾಗಲಿ, ಅಂತರಸನಹಳ್ಳಿಯ ಸಣ್ಣ ಕಾರ್ಖಾನೆಗಳಲ್ಲಾಗಲಿ, ಸರ್ವರ್ ಎಂದರೆ ಬಹುಮಟ್ಟಿಗೆ ಯುಪಿಎಸ್ ಪಕ್ಕದಲ್ಲಿ ಕುಳಿತ ಒಂದು ಟವರ್ ಯಂತ್ರ. ಅದರಲ್ಲಿ ವಿಂಡೋಸ್ ಸರ್ವರ್ 2019 ಅಥವಾ 2022, ಡಿ ಡ್ರೈವಿನಲ್ಲಿ ಟ್ಯಾಲಿಯ ಲೆಕ್ಕ, ಬಿಲ್ಲಿಂಗ್ ತಂತ್ರಾಂಶಕ್ಕೆಂದು ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಎಂಬ ಒಂದು ಡೇಟಾಬೇಸ್ ತಂತ್ರಾಂಶ, ಸ್ಕ್ಯಾನ್ ಮಾಡಿಟ್ಟ ಕಾಗದಪತ್ರಗಳ ಹಂಚಿಕೆ ಫೋಲ್ಡರ್, ಸಂಜೆ ಬ್ಯಾಕಪ್‌ಗೆಂದು ಜೋಡಿಸುವ ಯುಎಸ್‌ಬಿ ಹಾರ್ಡ್ ಡಿಸ್ಕ್. ಇಂಥ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಇವುಗಳಲ್ಲಿ ಹೆಚ್ಚಿನವಕ್ಕೆ ಬೇರೆ ಆಂಟಿವೈರಸ್ ಕೊಂಡಿರುವುದಿಲ್ಲ. ವಿಂಡೋಸ್ ಸರ್ವರ್ 2016ರಿಂದ ಈಚೆಗೆ ಕಾರ್ಯವ್ಯವಸ್ಥೆಯ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಆಂಟಿವೈರಸ್ಸೇ ಅವುಗಳ ಕಾವಲು.

ಅದು ವೈರಸ್ಸನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂಬುದನ್ನು ಇಲ್ಲಿ ಅಳೆಯಲು ಹೊರಟಿಲ್ಲ. ಆ ಕೆಲಸಕ್ಕೆ ಪ್ರಯೋಗಾಲಯಗಳಿವೆ. ಯಾವ ಡ್ರೈವ್, ಯಾವ ಫೋಲ್ಡರ್, ಯಾವ ಬಗೆಯ ಫೈಲ್ ಕಾವಲಿನೊಳಗೆ ಬರಬೇಕು, ಯಾವುದು ಹೊರಗುಳಿಯಬೇಕು ಎಂಬುದನ್ನು ನಿರ್ಧರಿಸುವ ಅನುಕೂಲ ಅದರಲ್ಲಿ ಎಷ್ಟಿದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬೇಕಾದ ಸಾಧನಗಳೆಲ್ಲ ಇದರಲ್ಲಿವೆ, ಕೆಲವಂತೂ ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳಿಗಿಂತ ಸೂಕ್ಷ್ಮವಾಗಿವೆ, ಆದರೆ ತಾನು ಯಾವುದನ್ನು ಕಾಯುತ್ತಿಲ್ಲ ಎಂಬುದನ್ನು ಡಿಫೆಂಡರ್ ತಾನಾಗಿ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲಿಗೆ, ಯಾವ ಸೆಟ್ಟಿಂಗನ್ನೂ ಮುಟ್ಟದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನೋಡಬೇಕು. ರಿಯಲ್‌ಟೈಮ್ ರಕ್ಷಣೆ ಸರ್ವರ್‌ನ ಸ್ಥಳೀಯ ಡ್ರೈವುಗಳಲ್ಲೆಲ್ಲ ಫೈಲು ತೆರೆದಾಗ, ಬರೆದಾಗ ಪರೀಕ್ಷೆ ನಡೆಸುತ್ತಲೇ ಇರುತ್ತದೆ. ನಿಗದಿತ ಸಮಯದ ಸ್ಕ್ಯಾನ್‌ಗಳ ಕಥೆ ಬೇರೆ. ಕ್ವಿಕ್ ಸ್ಕ್ಯಾನ್ ಮುಖ್ಯವಾಗಿ ಮೆಮೊರಿ, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ದಾಖಲೆ), ಸ್ಟಾರ್ಟಪ್ ಜಾಗಗಳಂಥ, ದುಷ್ಟ ತಂತ್ರಾಂಶ ಬೇರುಬಿಡುವ ಕಡೆಗಳನ್ನು ನೋಡುತ್ತದೆಯೇ ಹೊರತು, ಡಿ ಡ್ರೈವಿನಲ್ಲಿ ವರ್ಷಗಳಿಂದ ಬಿದ್ದಿರುವ ಜಿಪ್ ಫೈಲುಗಳನ್ನು ತೆರೆದು ನೋಡುವ ಗೋಜಿಗೆ ಹೋಗುವುದಿಲ್ಲ. ಅದಕ್ಕೆ ಫುಲ್ ಸ್ಕ್ಯಾನ್ ಬೇಕು. ಆ ಫುಲ್ ಸ್ಕ್ಯಾನ್ ಕೂಡ ಹೆಸರಿಗೆ ತಕ್ಕಂತೆ ಪೂರ್ಣವಲ್ಲ: ಪೆನ್‌ಡ್ರೈವಿನಂಥ ತೆಗೆಯಬಹುದಾದ ಡ್ರೈವುಗಳನ್ನೂ, ಮ್ಯಾಪ್ ಮಾಡಿದ, ಅಂದರೆ ಬೇರೆ ಯಂತ್ರದ ಹಂಚಿಕೆ ಫೋಲ್ಡರಿಗೆ ಡ್ರೈವಿನ ಅಕ್ಷರ ಕೊಟ್ಟು ಜೋಡಿಸಿದ, ನೆಟ್‌ವರ್ಕ್ ಡ್ರೈವುಗಳನ್ನೂ ಅದು ಮೂಲ ಸೆಟ್ಟಿಂಗಿನಲ್ಲಿ ಬಿಟ್ಟು ಹೋಗುತ್ತದೆ. ಇವೆರಡನ್ನೂ ಸೇರಿಸಬೇಕೆಂದರೆ ಗ್ರೂಪ್ ಪಾಲಿಸಿ ಎಂಬ ಆಡಳಿತ ಸೆಟ್ಟಿಂಗುಗಳಿಗೋ ಪವರ್‌ಶೆಲ್ ಎಂಬ ಆಜ್ಞಾಸಾಲಿಗೋ ಹೋಗಬೇಕು. ಡಿಫೆಂಡರ್‌ನ ಸೆಟ್ಟಿಂಗುಗಳನ್ನು ತೋರಿಸುವ ವಿಂಡೋಸ್ ಸೆಕ್ಯುರಿಟಿಯ ಕಿಟಕಿಯಲ್ಲಿ ಅದಕ್ಕೊಂದು ಗುಂಡಿಯಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಸಂಜೆ ಅಂಗಡಿ ಮುಚ್ಚುವಾಗ ದೀಪದ ಜೊತೆಗೆ ಸರ್ವರನ್ನೂ ಆರಿಸಿ ಹೋಗುವ ಅಭ್ಯಾಸ ಮಂಡಿಗಳಲ್ಲಿ ಈಗಲೂ ಇದೆ. ನಿಗದಿತ ಸ್ಕ್ಯಾನ್‌ನ ಮೂಲ ಸಮಯ ರಾತ್ರಿ 2 ಗಂಟೆ. ತಪ್ಪಿಹೋದ ಫುಲ್ ಸ್ಕ್ಯಾನನ್ನು ಮರುದಿನ ಹಿಡಿದು ಮುಗಿಸುವ ಏರ್ಪಾಡು ಇದೆಯಾದರೂ ಅದು ಮೂಲದಲ್ಲಿ ನಿಂತಿರುತ್ತದೆ. ಹೀಗಾಗಿ ಕಾಗದದ ಮೇಲೆ ವಾರಕ್ಕೊಮ್ಮೆ ಫುಲ್ ಸ್ಕ್ಯಾನ್ ಇರುವ ಸರ್ವರ್‌ನಲ್ಲಿ ಅದು ಒಮ್ಮೆಯೂ ನಡೆದಿರದೆ ಇರಬಹುದು. ಸಮಯವನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟು, ಸ್ಕ್ಯಾನ್‌ಗೆ ಸಿಪಿಯುವಿನಲ್ಲಿ ಕೊಡುವ ಪಾಲನ್ನು ಮೂಲದ 50 ಶೇಕಡಾದಿಂದ ಇಳಿಸುವುದು ನಾನು ಅನುಸರಿಸುವ ದಾರಿ. ಆ 50 ಎಂಬುದು ದಾಟಬಾರದ ಗೆರೆಯಲ್ಲ, ಸರಾಸರಿಗೆ ಹಾಕಿಕೊಟ್ಟ ಒಂದು ಸೂಚನೆ ಮಾತ್ರ ಎಂಬುದು ಗೊತ್ತಿದ್ದರೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಗ್ರಾಫ್ ಮೇಲೇರಿದಾಗ ಗಾಬರಿಯಾಗುವುದಿಲ್ಲ.

ಇನ್ನು ವಿನಾಯಿತಿ ಪಟ್ಟಿ, ಅಂದರೆ ಡಿಫೆಂಡರ್ ಪರೀಕ್ಷಿಸದೆ ಬಿಡಬೇಕಾದವುಗಳ ಪಟ್ಟಿ. ಈ ವಿಮರ್ಶೆಯ ತಿರುಳು ಇಲ್ಲಿದೆ. ವಿಂಡೋಸ್ ಸೆಕ್ಯುರಿಟಿಯ ಕಿಟಕಿಯಲ್ಲಿ ಫೈಲು, ಫೋಲ್ಡರ್, ಫೈಲ್ ಬಗೆ, ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮು) ಎಂದು ನಾಲ್ಕು ಬಗೆಯ ವಿನಾಯಿತಿಗಳನ್ನು ಒಂದರ ಕೆಳಗೊಂದು ಕೊಟ್ಟಿದ್ದಾರೆ. ನೋಡುವುದಕ್ಕೆ ನಾಲ್ಕೂ ಒಂದೇ ತೂಕದವು, ಪರಿಣಾಮದಲ್ಲಿ ಅಜಗಜಾಂತರ. ಫೋಲ್ಡರನ್ನು ಹೊರಗಿಟ್ಟರೆ ಅದರೊಳಗಿನ ಉಪಫೋಲ್ಡರುಗಳೆಲ್ಲ ಹೊರಗಾಗುತ್ತವೆ, ರಿಯಲ್‌ಟೈಮ್‌ನಲ್ಲೂ ನಿಗದಿತ ಸ್ಕ್ಯಾನ್‌ನಲ್ಲೂ. ಫೈಲ್ ಬಗೆಯನ್ನು, ಉದಾಹರಣೆಗೆ .ಬಿಎಕೆ ಎಂಬ ಬಾಲವನ್ನು, ಹೊರಗಿಟ್ಟರೆ ಆ ಬಾಲವಿರುವ ಫೈಲು ಯಂತ್ರದ ಯಾವ ಮೂಲೆಯಲ್ಲಿದ್ದರೂ ಡಿಫೆಂಡರ್ ಅದರತ್ತ ನೋಡುವುದಿಲ್ಲ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿದ್ದರೂ ಅಷ್ಟೆ. ಪ್ರೋಸೆಸ್ ವಿನಾಯಿತಿಯಂತೂ ಹೆಚ್ಚಿನವರು ತಿಳಿದಿರುವುದಕ್ಕೆ ತಿರುವುಮುರುವು: ಅದರಿಂದ ವಿನಾಯಿತಿ ಸಿಗುವುದು ಆ ಪ್ರೋಗ್ರಾಮಿಗಲ್ಲ, ಆ ಪ್ರೋಗ್ರಾಮು ತೆರೆಯುವ ಫೈಲುಗಳಿಗೆ, ಅದೂ ರಿಯಲ್‌ಟೈಮ್ ರಕ್ಷಣೆಯಲ್ಲಿ ಮಾತ್ರ. ಪೂರ್ಣ ದಾರಿಯನ್ನು ಬರೆಯದೆ ಪ್ರೋಗ್ರಾಮಿನ ಹೆಸರನ್ನಷ್ಟೇ ಕೊಟ್ಟರೆ, ಅದೇ ಹೆಸರಿಟ್ಟುಕೊಂಡು ಬೇರೆ ಫೋಲ್ಡರಿನಿಂದ ಓಡುವ ಯಾವ ಪ್ರೋಗ್ರಾಮಿಗೂ ಆ ರಿಯಾಯಿತಿ ದಕ್ಕುತ್ತದೆ. ಇಷ್ಟು ವ್ಯತ್ಯಾಸವಿರುವ ನಾಲ್ಕು ಆಯ್ಕೆಗಳ ಪಕ್ಕದಲ್ಲಿ ಒಂದೊಂದು ಸಾಲಿನ ವಿವರಣೆಯನ್ನಾದರೂ ಬರೆಯಬಹುದಿತ್ತು.

ಟ್ಯಾಲಿಯ ವಿಷಯದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಟ್ಯಾಲಿಪ್ರೈಮ್ ತಾನಾಗಿ ಸೂಚಿಸುವ ದತ್ತಾಂಶದ ಜಾಗ ಸಿ ಡ್ರೈವಿನ ಪಬ್ಲಿಕ್ ಫೋಲ್ಡರಿನೊಳಗಿರುತ್ತದೆ. ಬಹುಬಳಕೆದಾರರ ಕಚೇರಿಗಳಲ್ಲಿ ಅದನ್ನು ಡಿ ಡ್ರೈವಿಗೆ ಸರಿಸಿ, ಹಂಚಿಕೆ ಮಾಡಿ, ಉಳಿದ ಯಂತ್ರಗಳಿಂದ ನೇರವಾಗಿ ತೆರೆಯುತ್ತಾರೆ. ವೋಚರ್ ನಮೂದಿಸಿದಾಗಲೆಲ್ಲ ಹಲವು ಫೈಲುಗಳು ತೆರೆದು ಮುಚ್ಚುವುದರಿಂದ, ರಿಯಲ್‌ಟೈಮ್ ಪರೀಕ್ಷೆ ಅಲ್ಲಿ ಭಾರವೆನಿಸುವುದು ಸಹಜ. ಆಗ ಸ್ಥಳೀಯವಾಗಿ ಸಿಗುವ ಸಲಹೆ ಬಹುತೇಕ ಒಂದೇ: ಡಿ ಡ್ರೈವನ್ನೇ ಪೂರ್ತಿ ಹೊರಗಿಡಿ. ಅದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ, ಏಕೆಂದರೆ ಅದೇ ಡ್ರೈವಿನಲ್ಲಿ ಸ್ಕ್ಯಾನ್ ಮಾಡಿದ ಕಾಗದಗಳೂ, ವಾಟ್ಸ್ಯಾಪಿನಿಂದ ಇಳಿಸಿದ ಫೈಲುಗಳೂ, ಯಾರೋ ಎಂದೋ ತಂದಿಟ್ಟ ಪ್ರಿಂಟರ್ ಡ್ರೈವರುಗಳೂ ಇರುತ್ತವೆ. ಹೊರಗಿಡಬೇಕಾದದ್ದು ಕಂಪನಿಗಳ ದತ್ತಾಂಶವಿರುವ ಫೋಲ್ಡರ್ ಒಂದನ್ನು ಮಾತ್ರ. ಟ್ಯಾಲಿಯ ಪ್ರೋಗ್ರಾಮ್ ಫೋಲ್ಡರನ್ನು ಕಾವಲಿನೊಳಗೇ ಬಿಡುವುದು ಮೇಲು. ಎಲ್ಲೆಲ್ಲಿಂದಲೋ ಬರುವ, ಟ್ಯಾಲಿಗೆ ಹೆಚ್ಚುವರಿ ಸೌಲಭ್ಯ ಸೇರಿಸುವ .ಟಿಸಿಪಿ ಫೈಲುಗಳೂ ಹಳೆಯ ಸೆಟಪ್ ಫೈಲುಗಳೂ ಶೇಖರವಾಗುವುದು ಅಲ್ಲೇ.

ಇಲ್ಲಿ ಡಿಫೆಂಡರ್ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ವಿನಾಯಿತಿಗೆ ಸಂದರ್ಭದ ಕಟ್ಟು ಹಾಕುವ ವ್ಯವಸ್ಥೆ ಅದರಲ್ಲಿದೆ. ಫೋಲ್ಡರಿನ ದಾರಿಯ ಕೊನೆಗೆ ಪುಷ್ಪಾವರಣದೊಳಗೆ ಒಂದು ಸಣ್ಣ ಷರತ್ತನ್ನು ಬರೆದರೆ, ಆ ವಿನಾಯಿತಿ ರಿಯಲ್‌ಟೈಮ್ ಪರೀಕ್ಷೆಗೆ ಮಾತ್ರ ಸಲ್ಲುತ್ತದೆ, ನಿಗದಿತ ಸ್ಕ್ಯಾನ್ ಆ ಫೋಲ್ಡರನ್ನು ಎಂದಿನಂತೆ ಜಾಲಾಡುತ್ತದೆ. ಅಥವಾ ಇಂಥ ಪ್ರೋಗ್ರಾಮು ತೆರೆದಾಗ ಮಾತ್ರ ಸಲ್ಲುತ್ತದೆ. ಟ್ಯಾಲಿಯ ದತ್ತಾಂಶಕ್ಕೆ ಇದು ಹೇಳಿ ಮಾಡಿಸಿದ ಪರಿಹಾರ: ಹಗಲಿನಲ್ಲಿ ಕೆಲಸ ನಿಧಾನವಾಗುವುದಿಲ್ಲ, ವಾರದ ಸ್ಕ್ಯಾನ್‌ನಿಂದ ಫೋಲ್ಡರ್ ತಪ್ಪಿಸಿಕೊಳ್ಳುವುದೂ ಇಲ್ಲ. ಇಷ್ಟು ಉಪಯುಕ್ತವಾದ ಸೌಲಭ್ಯವನ್ನು ಕಿಟಕಿಯಲ್ಲಿ ಎಲ್ಲಿಯೂ ತೋರಿಸದೆ, ಷರತ್ತಿನ ವ್ಯಾಕರಣವನ್ನು ದಾಖಲೆಪುಟದಿಂದ ನೋಡಿ ಅಕ್ಷರ ತಪ್ಪದಂತೆ ಬರೆಯುವ ಹೊರೆಯನ್ನು ಬಳಕೆದಾರರ ಮೇಲೆ ಹೊರಿಸಿರುವುದು ಬೇಸರದ ಸಂಗತಿ.

ಎಸ್‌ಕ್ಯೂಎಲ್ ಸರ್ವರ್‌ನ ವಿಷಯದಲ್ಲಿ ಚರ್ಚೆಗೆ ಹೆಚ್ಚು ಅವಕಾಶವಿಲ್ಲ. ಡೇಟಾಬೇಸ್ ಎಂಜಿನ್ ತನ್ನ ಫೈಲನ್ನು ತೆರೆಯಲು ಹೋದ ಕ್ಷಣದಲ್ಲಿ ಆಂಟಿವೈರಸ್ ಆ ಫೈಲನ್ನು ಹಿಡಿದುಕೊಂಡಿದ್ದರೆ ಡೇಟಾಬೇಸ್ ‘ಸಸ್ಪೆಕ್ಟ್’ ಎಂಬ, ತೆರೆಯಲಾಗದ ಸ್ಥಿತಿಗೆ ಬೀಳಬಹುದು. ಆದ್ದರಿಂದ .ಎಂಡಿಎಫ್, .ಎನ್‌ಡಿಎಫ್, .ಎಲ್‌ಡಿಎಫ್ ಬಾಲದ ಡೇಟಾಬೇಸ್ ಫೈಲುಗಳನ್ನು ಹೊರಗಿಡಲು ಮೈಕ್ರೋಸಾಫ್ಟೇ ಹೇಳುತ್ತದೆ. ಬಾಲವನ್ನಷ್ಟೇ ಕೊಡುವುದಕ್ಕಿಂತ, ಡೇಟಾಬೇಸ್ ಫೋಲ್ಡರಿನ ದಾರಿ ಬರೆದು ಅದರ ಕೊನೆಗೆ ನಕ್ಷತ್ರ ಚಿಹ್ನೆಯ ಜೊತೆ ಬಾಲವನ್ನು ಸೇರಿಸಿದರೆ, ವಿನಾಯಿತಿ ಆ ಒಂದು ಫೋಲ್ಡರಿನ ಅಂಥ ಫೈಲುಗಳಿಗಷ್ಟೇ ಸೀಮಿತವಾಗುತ್ತದೆ.

ನನ್ನ ಮುಖ್ಯ ಆಕ್ಷೇಪ ಇರುವುದು ಸ್ವಯಂಚಾಲಿತ ವಿನಾಯಿತಿಗಳ ಬಗ್ಗೆ. ವಿಂಡೋಸ್ ಸರ್ವರ್ 2016, 2019, 2022ರಲ್ಲಿ ಯಾವುದಾದರೂ ರೋಲನ್ನು (ಸರ್ವರ್ ವಹಿಸಿಕೊಳ್ಳುವ ಕೆಲಸವನ್ನು), ಅಂದರೆ ಯಂತ್ರದೊಳಗೆ ಕೃತಕ ಯಂತ್ರಗಳನ್ನು ಓಡಿಸುವ ಹೈಪರ್-ವಿ, ಬಳಕೆದಾರರ ಖಾತೆಗಳನ್ನು ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿ, ಹೆಸರಿನಿಂದ ನೆಟ್‌ವರ್ಕ್ ವಿಳಾಸ ಹುಡುಕಿಕೊಡುವ ಡಿಎನ್‌ಎಸ್, ಪ್ರಿಂಟ್ ಸರ್ವರ್, ವೆಬ್ ಸರ್ವರ್ ಆದ ಐಐಎಸ್‌ನಂಥದ್ದನ್ನು ಸೇರಿಸಿದ ಕೂಡಲೇ ಅದಕ್ಕೆ ಸಂಬಂಧಿಸಿದ ಫೈಲುಗಳನ್ನು ಡಿಫೆಂಡರ್ ತಾನಾಗಿ ರಿಯಲ್‌ಟೈಮ್ ಪರೀಕ್ಷೆಯಿಂದ ಹೊರಗಿಡುತ್ತದೆ. ಹೈಪರ್-ವಿ ಇದ್ದರೆ ಕೃತಕ ಯಂತ್ರಗಳ ಡಿಸ್ಕುಗಳಾದ .ವಿಎಚ್‌ಡಿಎಕ್ಸ್ ಫೈಲುಗಳು, ಪ್ರಿಂಟ್ ಸರ್ವರ್ ಇದ್ದರೆ ಮುದ್ರಣಕ್ಕೆ ಕಾದಿರುವ ಸ್ಪೂಲ್ ಫೋಲ್ಡರಿನ ಫೈಲುಗಳು, ಹೀಗೆ. ಉದ್ದೇಶ ಒಳ್ಳೆಯದೇ, ಅನನುಭವಿಗಳ ಕೈಯಲ್ಲಿರುವ ಡೊಮೇನ್ ಕಂಟ್ರೋಲರ್ (ಆಕ್ಟಿವ್ ಡೈರೆಕ್ಟರಿ ಓಡುವ ಸರ್ವರ್) ಇದರಿಂದ ಎಷ್ಟೋ ತೊಂದರೆಗಳಿಂದ ಪಾರಾಗಿದೆ. ಆದರೆ ಈ ವಿನಾಯಿತಿಗಳು ವಿಂಡೋಸ್ ಸೆಕ್ಯುರಿಟಿಯ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಪಟ್ಟಿ ಖಾಲಿಯಿದೆ ಎಂದು ನೋಡಿದವರು, ಯಾವುದಕ್ಕೂ ವಿನಾಯಿತಿಯಿಲ್ಲ ಎಂದು ಬರೆದು ಸಹಿ ಮಾಡುತ್ತಾರೆ, ವಸ್ತುಸ್ಥಿತಿ ಹಾಗಿರುವುದಿಲ್ಲ. ಇನ್ನೊಂದು ಕಡೆ, ರೋಲಿನ ಫೈಲುಗಳು ಮೂಲ ಜಾಗದಲ್ಲಿರುತ್ತವೆ ಎಂಬ ನಂಬಿಕೆಯ ಮೇಲೆ ಈ ಪಟ್ಟಿ ನಿಂತಿದೆ. ಆಕ್ಟಿವ್ ಡೈರೆಕ್ಟರಿಯ ಡೇಟಾಬೇಸನ್ನು ಯಾರಾದರೂ ಇ ಡ್ರೈವಿಗೆ ಸ್ಥಳಾಂತರಿಸಿದ್ದರೆ ಅಲ್ಲಿಗೆ ವಿನಾಯಿತಿ ಹಿಂಬಾಲಿಸುವುದಿಲ್ಲ, ಕೈಯಿಂದಲೇ ಸೇರಿಸಬೇಕು. ಎಸ್‌ಕ್ಯೂಎಲ್ ಸರ್ವರ್ ವಿಂಡೋಸ್‌ನ ರೋಲ್ ಅಲ್ಲದ್ದರಿಂದ ಅದಕ್ಕೆ ಈ ಸೌಕರ್ಯವೇ ಇಲ್ಲ ಎಂಬುದೂ ಹಲವರಿಗೆ ತಿಳಿದಿರುವುದಿಲ್ಲ. ಸ್ವಯಂಚಾಲಿತ ವಿನಾಯಿತಿಗಳನ್ನು ಬೇಡವೆನ್ನುವ ಆಯ್ಕೆಯೂ ಪವರ್‌ಶೆಲ್ ಮತ್ತು ಗ್ರೂಪ್ ಪಾಲಿಸಿಯಲ್ಲಿದೆ. ಆದರೆ ಅದು ಇಟ್ಟರೆ ಎಲ್ಲವನ್ನೂ, ತೆಗೆದರೆ ಎಲ್ಲವನ್ನೂ ಎಂಬಂಥ ಆಯ್ಕೆ.

ಈ ಒಂದು ವಿಷಯದಲ್ಲಿ ಈಸೆಟ್ ಸರ್ವರ್ ಸೆಕ್ಯುರಿಟಿ ಎಂಬ ಆಂಟಿವೈರಸ್ ಬಹಳ ಮುಂದಿದೆ. ಅದೂ ಸರ್ವರ್‌ನಲ್ಲಿರುವ ತಂತ್ರಾಂಶಗಳನ್ನು ಗುರುತಿಸಿ ತಾನಾಗಿ ವಿನಾಯಿತಿ ಕೊಡುತ್ತದೆ, ಆದರೆ ಆ ಪಟ್ಟಿಯನ್ನು ಕಣ್ಣೆದುರಿಗಿಟ್ಟು, ಬೇಡವಾದದ್ದನ್ನು ಒಂದೊಂದಾಗಿ ಆಫ್ ಮಾಡಲು ಬಿಡುತ್ತದೆ. ಸ್ಥಳೀಯ ಡ್ರೈವ್, ತೆಗೆಯಬಹುದಾದ ಡ್ರೈವ್, ನೆಟ್‌ವರ್ಕ್ ಡ್ರೈವ್ ಎಂಬ ಮೂರಕ್ಕೂ ಅದರಲ್ಲಿ ಬೇರೆಬೇರೆ ಸ್ವಿಚ್‌ಗಳಿವೆ. ಫೈಲು ತೆರೆದಾಗ, ಸೃಷ್ಟಿಸಿದಾಗ, ಓಡಿಸಿದಾಗ ಎಂದು ಪರೀಕ್ಷೆಯ ಸಂದರ್ಭಗಳನ್ನೂ ಬಿಡಿಸಿ ಆರಿಸಬಹುದು. ಅದಕ್ಕೆ ವರ್ಷವರ್ಷ ಹಣ ಕೊಡಬೇಕು ಎಂಬುದು ಬೇರೆ ಮಾತು.

ಡ್ರೈವುಗಳ ವಿಷಯದಲ್ಲಿ ಎಚ್ಚರಿಕೆಯಿಂದ ನೋಡಬೇಕಾದ ಸಂಗತಿಯೆಂದರೆ, ಡಿಫೆಂಡರ್‌ನ ದಾರಿ ವಿನಾಯಿತಿ ಡ್ರೈವಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ಡಿಸ್ಕಿಗಲ್ಲ. ಬ್ಯಾಕಪ್ ಬೇಗ ಮುಗಿಯಲಿ ಎಂದು ಎಫ್ ಡ್ರೈವನ್ನು ಪೂರ್ತಿ ಹೊರಗಿಟ್ಟ ಕಚೇರಿಗಳು ಇಲ್ಲಿ ಅನೇಕ. ಸಂಜೆ ಬ್ಯಾಕಪ್ ಡಿಸ್ಕನ್ನು ಕಿತ್ತು ಬೀರುವಿನಲ್ಲಿಡುತ್ತಾರೆ. ಮರುದಿನ ಬೆಳಿಗ್ಗೆ ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಗುಮಾಸ್ತ ಜಿಎಸ್‌ಟಿ ಲೆಕ್ಕದ ಪೆನ್‌ಡ್ರೈವ್ ತರುತ್ತಾನೆ. ಉಳಿದ ಯಂತ್ರಗಳೆಲ್ಲ ಯಾರದೋ ಕೈಯಲ್ಲಿರುವುದರಿಂದ ಅದನ್ನು ಸರ್ವರ್‌ಗೇ ಚುಚ್ಚುತ್ತಾರೆ. ಖಾಲಿಯಿದ್ದ ಎಫ್ ಅಕ್ಷರ ಆ ಪೆನ್‌ಡ್ರೈವಿಗೆ ಸಿಗುತ್ತದೆ. ಈಗ ಇಡೀ ಪೆನ್‌ಡ್ರೈವೇ ವಿನಾಯಿತಿ ಪಡೆದ ಜಾಗ. ಒಳಗಿನ ಫೋಲ್ಡರುಗಳೆಲ್ಲ ಮಾಯವಾಗಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕಾಣಿಸುತ್ತಿದ್ದರೆ, ಅದು ನಮ್ಮೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲರೂ ಕಂಡಿರುವ ಹಳೆಯ ಪೆನ್‌ಡ್ರೈವ್ ಸೋಂಕು. ಬೇರೆ ಯಾವ ಅಕ್ಷರದಡಿ ಬಂದಿದ್ದರೂ ಡಿಫೆಂಡರ್ ಅದನ್ನು ಪರೀಕ್ಷಿಸುತ್ತಿತ್ತು. ಆದ್ದರಿಂದ ಡ್ರೈವನ್ನು ಇಡಿಯಾಗಿ ಎಂದಿಗೂ ಹೊರಗಿಡಬಾರದು. ಬ್ಯಾಕಪ್ ಡಿಸ್ಕಿಗೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಬೇರೆ ಯಾವುದಕ್ಕೂ ಸುಲಭವಾಗಿ ಸಿಗದ ಕೊನೆಯ ಅಕ್ಷರಗಳಲ್ಲೊಂದನ್ನು ಕೊಟ್ಟು, ಅದರಲ್ಲಿ ಬ್ಯಾಕಪ್ ಫೈಲುಗಳಿರುವ ಒಂದು ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕಾಗುತ್ತದೆ. ಪೆನ್‌ಡ್ರೈವನ್ನು ತೆಗೆಯಬಹುದಾದ ಡ್ರೈವ್ ಎಂದು ಗುರುತಿಸುವ ವಿಂಡೋಸ್, ಯುಎಸ್‌ಬಿ ಹಾರ್ಡ್ ಡಿಸ್ಕನ್ನು ಸಾಮಾನ್ಯವಾಗಿ ಸ್ಥಿರ ಡಿಸ್ಕ್ ಎಂದೇ ಗುರುತಿಸುತ್ತದೆ ಎಂಬುದನ್ನೂ ನೆನಪಿಡಬೇಕು. ತೆಗೆಯಬಹುದಾದ ಡ್ರೈವುಗಳಿಗೆಂದು ಮಾಡಿದ ಸೆಟ್ಟಿಂಗು ಬ್ಯಾಕಪ್ ಡಿಸ್ಕಿಗೂ ಅನ್ವಯಿಸುತ್ತದೆ ಎಂದು ಎಣಿಸಿ ಕೂರುವಂತಿಲ್ಲ.

ಮ್ಯಾಪ್ ಮಾಡಿದ ಡ್ರೈವುಗಳಲ್ಲಿ ತೊಡಕು ಇನ್ನೊಂದು ಬಗೆಯದು. ಬಳಕೆದಾರರು ಲಾಗಿನ್ ಆದಾಗ ಕಾಣಿಸುವ ಟಿ ಡ್ರೈವ್ ಆ ಬಳಕೆದಾರರ ಪಾಲಿಗೆ ಮಾತ್ರ ಇರುವಂಥದ್ದು. ಡಿಫೆಂಡರ್‌ನ ಸೇವೆ ಲೋಕಲ್ ಸಿಸ್ಟಮ್ ಎಂಬ ವಿಂಡೋಸ್‌ನ ಸ್ವಂತ ಖಾತೆಯಲ್ಲಿ ಓಡುವುದರಿಂದ ಅದರ ಪಾಲಿಗೆ ಟಿ ಡ್ರೈವ್ ಎಂಬುದೊಂದಿಲ್ಲ. ಹೀಗಾಗಿ ವಿನಾಯಿತಿಯನ್ನು ಟಿ ಎಂದು ಬರೆದರೆ ಅದು ಪಟ್ಟಿಯಲ್ಲಿ ಗಂಭೀರವಾಗಿ ಕುಳಿತಿರುತ್ತದೆ, ಕೆಲಸ ಮಾಡುವುದಿಲ್ಲ; ಸರ್ವರ್‌ನ ಹೆಸರಿನಿಂದ ಆರಂಭವಾಗುವ ಪೂರ್ಣ ನೆಟ್‌ವರ್ಕ್ ದಾರಿಯನ್ನೇ ಬರೆಯಬೇಕು. ಟ್ಯಾಲಿ ನಿಧಾನವೆಂಬ ದೂರು ಬಂದಾಗ ಸರ್ವರ್‌ನ ಪಟ್ಟಿಯನ್ನಷ್ಟೇ ತಿದ್ದಿದರೆ ಸಾಲದು, ಗುಮಾಸ್ತರ ಮೇಜಿನ ಮೇಲಿನ ಯಂತ್ರಗಳನ್ನೂ ನೋಡಬೇಕು. ಅಲ್ಲಿನ ಆಂಟಿವೈರಸ್ ನೆಟ್‌ವರ್ಕ್ ಫೈಲುಗಳನ್ನೂ ಪರೀಕ್ಷಿಸುವಂತೆ ಹೊಂದಿಸಿದ್ದರೆ ಒಂದೇ ಫೈಲಿಗೆ ಎರಡು ಕಡೆ ತಪಾಸಣೆ ನಡೆಯುತ್ತಿರುತ್ತದೆ.

ಪವರ್‌ಶೆಲ್ ಬಳಸುವವರಿಗೆ ಒಂದು ಮಾತು. ವಿನಾಯಿತಿ ಸೇರಿಸುವ ಆಜ್ಞೆಗಳು ಎರಡಿವೆ: ಆಡ್ ಎಂದು ಆರಂಭವಾಗುವುದು ಇರುವ ಪಟ್ಟಿಗೆ ಸೇರಿಸುತ್ತದೆ, ಸೆಟ್ ಎಂದು ಆರಂಭವಾಗುವುದು ಹಳೆಯ ಪಟ್ಟಿಯನ್ನು ಅಳಿಸಿ ಹೊಸದನ್ನು ಇಡುತ್ತದೆ. ಎರಡನೆಯದು ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಖಚಿತವೇ ಎಂದು ಕೇಳುವುದೂ ಇಲ್ಲ. ಎಸ್‌ಕ್ಯೂಎಲ್ ಫೋಲ್ಡರಿನ ವಿನಾಯಿತಿ ಹೀಗೆ ಸದ್ದಿಲ್ಲದೆ ಅಳಿಸಿಹೋಗುವುದು ಕಷ್ಟವೇನಲ್ಲ.

ಪಟ್ಟಿ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಅನುಕೂಲ ಮಾತ್ರ ಚೆನ್ನಾಗಿದೆ. ಡಿಫೆಂಡರ್‌ನ ಆಜ್ಞಾಸಾಲಿನ ಉಪಕರಣಕ್ಕೆ ಒಂದು ದಾರಿಯನ್ನು ಕೊಟ್ಟು ಕೇಳಿದರೆ, ಅದು ವಿನಾಯಿತಿಗೆ ಒಳಪಟ್ಟಿದೆಯೇ ಇಲ್ಲವೇ ಎಂದು ನೇರವಾಗಿ ಉತ್ತರಿಸುತ್ತದೆ. ನಾನು ಇದರ ಜೊತೆಗೆ ಐಕಾರ್ ಪರೀಕ್ಷಾ ಫೈಲನ್ನೂ ಬಳಸುತ್ತೇನೆ: 68 ಅಕ್ಷರಗಳ ಒಂದು ನಿರುಪದ್ರವಿ ಸಾಲು ಅದು, ಆಂಟಿವೈರಸ್‌ಗಳೆಲ್ಲ ಅದನ್ನು ವೈರಸ್ಸೆಂದು ಗುರುತಿಸಬೇಕೆಂಬ ಒಪ್ಪಂದದ ಮೇಲೆ ಮಾಡಿದ್ದು. ನೋಟ್‌ಪ್ಯಾಡಿನಲ್ಲಿ ಅದನ್ನು ಬರೆದು ಸ್ಕ್ಯಾನ್ ಕಾಗದಗಳ ಫೋಲ್ಡರಿನಲ್ಲಿ ಉಳಿಸಿದರೆ ಕೂಡಲೇ ಕಾಣೆಯಾಗಬೇಕು. ಟ್ಯಾಲಿ ದತ್ತಾಂಶದ ಫೋಲ್ಡರಿನಲ್ಲಿ ಉಳಿಸಿದರೆ ಹಾಗೇ ಉಳಿಯಬೇಕು, ಷರತ್ತಿನ ವಿನಾಯಿತಿ ಹಾಕಿದ್ದರೆ ಮುಂದಿನ ನಿಗದಿತ ಫುಲ್ ಸ್ಕ್ಯಾನ್‌ನಲ್ಲಿ ಸಿಕ್ಕಿಬೀಳಬೇಕು. ಪ್ರತಿ ಡ್ರೈವಿನಲ್ಲೂ, ಪೆನ್‌ಡ್ರೈವಿನಲ್ಲೂ, ಬ್ಯಾಕಪ್ ಡಿಸ್ಕಿನಲ್ಲೂ ಹೀಗೆ ಮಾಡಿ ನೋಡಿದರೆ ಯಾವುದು ಒಳಗೆ, ಯಾವುದು ಹೊರಗೆ ಎಂಬುದು ಊಹೆಯ ಮಾತಾಗಿ ಉಳಿಯುವುದಿಲ್ಲ.

ವಿನಾಯಿತಿ ಪಟ್ಟಿ ಕಳ್ಳರಿಗೂ ಬೇಕಾದ ಮಾಹಿತಿ. ವಿಂಡೋಸ್ 10ರ ಕೆಲವು ಆವೃತ್ತಿಗಳಲ್ಲಿ 2022ರ ಆರಂಭದವರೆಗೂ ಸಾಮಾನ್ಯ ಬಳಕೆದಾರರು ಕೂಡ ರಿಜಿಸ್ಟ್ರಿಯಿಂದ ಈ ಪಟ್ಟಿಯನ್ನು ಓದಬಹುದಾಗಿತ್ತು. ಆಮೇಲೆ ಅದನ್ನು ಅಡ್ಮಿನಿಸ್ಟ್ರೇಟರ್‌ಗಳಿಗೆ ಸೀಮಿತಗೊಳಿಸಿದರು. ಸ್ಥಳೀಯ ಅಡ್ಮಿನಿಸ್ಟ್ರೇಟರ್‌ಗಳಿಗೂ ಕಾಣದಂತೆ ಮಾಡುವ ಪಾಲಿಸಿಯೊಂದಿದೆ. ಆದರೆ ಕಚೇರಿಯ ಎಲ್ಲರೂ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡಿನಿಂದಲೇ ಕೆಲಸ ಮಾಡುವ ಕಡೆ ಇದರಿಂದ ಹೆಚ್ಚೇನೂ ಸಾಧಿಸಿದಂತಾಗುವುದಿಲ್ಲ.

ಸರ್ವರ್‌ನ ಎಲ್ಲ ಡ್ರೈವುಗಳನ್ನು ಕಾವಲಿನೊಳಗೆ ತಂದರೂ ಒಂದು ಕೊರತೆ ಉಳಿಯುತ್ತದೆ. ಇದು ಡಿಫೆಂಡರ್‌ನ ದೋಷವಲ್ಲ. ರ್‍ಯಾನ್ಸಮ್‌ವೇರ್ (ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳುವ ದುಷ್ಟ ತಂತ್ರಾಂಶ) ಓಡುವುದು ಗುಮಾಸ್ತರ ಯಂತ್ರದಲ್ಲಾದರೆ, ಸರ್ವರ್‌ಗೆ ಕಾಣುವುದು ಹಂಚಿಕೆ ಫೋಲ್ಡರಿನಲ್ಲಿ ಅನುಮತಿಯಿರುವ ಬಳಕೆದಾರರೊಬ್ಬರು ಫೈಲುಗಳನ್ನು ತಿದ್ದಿ ಬರೆಯುತ್ತಿರುವುದು ಮಾತ್ರ. ಗೂಢಲಿಪಿಗೆ ತಿರುಗಿದ ಫೈಲಿನಲ್ಲಿ ವೈರಸ್ ಇರುವುದಿಲ್ಲವಾದ್ದರಿಂದ ಸರ್ವರ್‌ನಲ್ಲಿ ಕುಳಿತು ಫೈಲು ನೋಡುವ ಪರೀಕ್ಷೆಗೆ ಅಲ್ಲಿ ಹಿಡಿಯುವಂಥದ್ದೇನೂ ಸಿಗುವುದಿಲ್ಲ. ಮೇಜಿನ ಮೇಲಿನ ಯಂತ್ರಗಳ ರಕ್ಷಣೆ ಮತ್ತು ಕಿತ್ತು ದೂರವಿಡುವ ಬ್ಯಾಕಪ್, ಇವೆರಡರ ಜಾಗವನ್ನು ವಿನಾಯಿತಿ ಪಟ್ಟಿ ತುಂಬಲಾರದು.

ಬೇರೆ ಆಂಟಿವೈರಸ್ ಕೊಳ್ಳಲು ಯೋಚಿಸುವವರು ಎರಡು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಮನೆಬಳಕೆಗೆಂದು ಅಂಗಡಿಯಲ್ಲಿ ಸಿಗುವ ಅಗ್ಗದ ಆವೃತ್ತಿಗಳು ಸಾಮಾನ್ಯವಾಗಿ ಸರ್ವರ್ ವಿಂಡೋಸ್‌ನಲ್ಲಿ ಅನುಸ್ಥಾಪನೆಗೊಳ್ಳುವುದಿಲ್ಲ. ಸರ್ವರ್‌ಗೆಂದೇ ಇರುವ ಪರವಾನಗಿ ಬೇಕು. ಎರಡನೆಯದು, ವಿಂಡೋಸ್ 10 ಅಥವಾ 11ರಲ್ಲಿ ಬೇರೆ ಆಂಟಿವೈರಸ್ ಬಂದೊಡನೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುವಂತೆ ಸರ್ವರ್‌ನಲ್ಲಿ ಸರಿಯುವುದಿಲ್ಲ. ಅದನ್ನು ನಾವೇ ನಿಲ್ಲಿಸಬೇಕು ಅಥವಾ ಸರ್ವರ್ ಮ್ಯಾನೇಜರ್‌ನಿಂದ ತೆಗೆದುಹಾಕಬೇಕು. ಇಲ್ಲದಿದ್ದರೆ ಎರಡೂ ಒಂದೇ ಫೈಲಿನ ಮೇಲೆ ಬಿದ್ದು, ಟ್ಯಾಲಿ ನಿಧಾನವೆಂಬ ದೂರಿಗೆ ಹೊಸ ಕಾರಣವೊಂದು ಸೇರಿಕೊಳ್ಳುತ್ತದೆ. ಡಿಫೆಂಡರ್‌ನಲ್ಲಿ ಮಾಡಿಟ್ಟ ವಿನಾಯಿತಿಗಳು ಹೊಸ ತಂತ್ರಾಂಶಕ್ಕೆ ದಾಟಿಕೊಳ್ಳುತ್ತವೆ ಎಂದು ನಂಬಬಾರದು. ಪಟ್ಟಿಯನ್ನು ಬರೆದಿಟ್ಟುಕೊಂಡು ಮೊದಲಿನಿಂದ ಕಟ್ಟಬೇಕು.

ಹತ್ತಿಪ್ಪತ್ತು ಯಂತ್ರಗಳೊಳಗಿನ ಕಚೇರಿಗೆ, ಪವರ್‌ಶೆಲ್ ತೆರೆಯಲು ಹಿಂಜರಿಯದ ಒಬ್ಬರು ಕೈಗೆ ಸಿಗುವಂತಿದ್ದರೆ, ಡಿಫೆಂಡರ್ ಸಾಕು. ಹೆಚ್ಚುವರಿ ಶುಲ್ಕವಿಲ್ಲ ಎಂಬುದು ಅದರ ಪರವಾಗಿರುವ ಬಲವಾದ ಅಂಶ. ಹಲವು ಶಾಖೆಗಳ ಸರ್ವರ್‌ಗಳನ್ನು ಒಂದೇ ಕಡೆ ಕುಳಿತು ನೋಡಬೇಕಾದವರಿಗೆ, ಅಥವಾ ಯಾವ ಫೈಲು ಕಾವಲಿನ ಹೊರಗಿದೆ ಎಂದು ಲೆಕ್ಕಪರಿಶೋಧನೆಯ ವೇಳೆ ಮುದ್ರಿಸಿ ಕೊಡಬೇಕಾದವರಿಗೆ, ವಿನಾಯಿತಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸುವ ಸರ್ವರ್ ಆವೃತ್ತಿಯೊಂದನ್ನು ಹಣ ಕೊಟ್ಟು ಕೊಳ್ಳಲು ನಾನು ಹೇಳುತ್ತೇನೆ.